ಎದುರಾಳಿ ಮನಿಗೆ ಕೇಳಾಕ ಬಂದವರು

ಒಂದೂರಾಗ ಒಬ್ಬ ರಾಜಕಾರಣಿ ಇದ್ದ. ನೋಡ್ರಿ, ಆಗ್ಲೇ ನಕ್ಕಿರಿ! ದಿನಾ ಈ ಮಠದ ಪ್ರವಚನದಾಗ ನಾ ಶ್ರೀಮಂತನ ಕಥಿ ಚಾಲೂ ಮಾಡಿದ್ರ ಗಪ್ಪ ಕುಂಡ್ರತೀರಿ, ರಾಜಕಾರಣಿ ಅಂದ ಕೂಡ್ಲೆ ಬಾಯಿಗೆ ಸೆರಗು ಹಿಡೀತೀರಿ. ನಗ್ರಿ, ನಗ್ರಿ. ಇವತ್ತು ಶ್ರೀಮಂತ ಇಲ್ಲ, ರಾಜ ಇಲ್ಲ, ಸನ್ಯಾಸಿ ಇಲ್ಲ. ಖಾದಿ ಅಂಗಿ ಹಾಕ್ಕೊಂಡು ಕಡ್ಡಿ ಮುರದಂಗ ಮಾತಾಡೋ ಒಬ್ಬ ಮನಷ್ಯಾ ಅದಾನ. ಅವನ ಹೆಸರು ದುಂಡಪ್ಪ. ಹೋದ ವಾರ ತೀರಿಕೊಂಡ. ಅದಕ್ಕ ಇವತ್ತು ಅವನ ಮಾತು ಹೇಳ್ತೀನಿ.

ಎಂಥಾ ಮನಷ್ಯಾ ಅಂತೀರಿ? ಓಟು ಕೇಳಾಕ ಹೋದಲ್ಲೇ, 'ನಿಮ್ಮ ಓಣಿಗೆ ಈ ವರ್ಷ ನೀರಿನ ಪೈಪು ಬರಂಗಿಲ್ಲ ನೋಡವ್ವಾ. ಬರ್ತೈತಿ ಅಂತ ಯಾರರೆ ಹೇಳಿದ್ರ ಅದು ಸುಳ್ಳು' ಅಂತಿದ್ದ. ಹಿಂಗಂದವಗ ಓಟು ಬೀಳ್ತಾವೇನ್ರಿ? ಒಮ್ಮೆ ಬೀಳ್ತಿದ್ವು, ಒಮ್ಮೆ ಬೀಳ್ತಿರಲಿಲ್ಲ. ಮೂರು ಸಲ ಗೆದ್ದ, ಮೂರು ಸಲ ಸೋತ. ಸೋತ ದಿನಾನೂ ಹೊಟ್ಟಿ ತುಂಬ ಊಟ ಮಾಡ್ತಿದ್ದ ಅಂತ ಅವನ ಹೆಂಡ್ತಿ ಬಸಲಿಂಗವ್ವ ಹೇಳ್ತಾಳ.

ಅವಗೊಬ್ಬ ಎದುರಾಳಿ ಇದ್ದ, ಈರಣಗೌಡ. ಕೆಟ್ಟ ಮನಷ್ಯಾ ಅಲ್ಲ. ಆದ್ರ ಮೈಕ್ ಕೈಯಾಗ ಬಂತಂದ್ರ ನಾಲಿಗಿಗೆ ಲಗಾಮು ಇರ್ತಿರಲಿಲ್ಲ. ಒಂದು ಚುನಾವಣ್ಯಾಗ, ಬಜಾರದ ನಟ್ಟನಡುವ ಸ್ಟೇಜ್ ಹಾಕಿಸಿ ಏನಂದ ಗೊತ್ತೇನು? 'ಆ ದುಂಡಪ್ಪಗ ಮಕ್ಕಳಿಲ್ಲ, ಮರಿ ಇಲ್ಲ. ಅಂಥಾವಗ ಮಂದಿ ಮಕ್ಕಳ ಚಿಂತಿ ಏನ್ ತಿಳೀತೈತ್ರಿ?' ಅಂದ. ಮಂದಿ ಸೀಟಿ ಹೊಡೀತು. ಅದೇ ಹೊತ್ತಿಗೆ ಬಸಲಿಂಗವ್ವ ಬಳಿ ಅಂಗಡ್ಯಾಗ ಕೈ ಚಾಚಿ ಕುಂತಿದ್ಲು. ಲೌಡ್‌ಸ್ಪೀಕರಿನ್ಯಾಗ ಎಲ್ಲಾ ಕೇಳಿಸ್ತು. ಒಂದು ಕೈಗೆ ಬಳಿ ಏರ್ಸಿದ್ದು ಆಗಿತ್ತು, ಇನ್ನೊಂದು ಕೈ ಹಂಗ ಹಿಂದಕ್ಕ ತಗೊಂಡು ಮನಿಗೆ ಹೋದ್ಲು. ಆ ಸಲ ಗೌಡ ಗೆದ್ದ.

ಎರಡು ತಿಂಗಳಾತು. ಗೌಡನ ಮಗಳು ಮಹಾನಂದಾನ್ನ ನೋಡಾಕ ವರನ ಕಡೆಯವರು ಬರೋದಿತ್ತು. ಒಳ್ಳೇ ಹುಡುಗಿ. ಆದ್ರ ಮೊದ್ಲ ಎರಡು ಸಂಬಂಧ ಬಂದಂಗ ಬಂದು ತಪ್ಪಿದ್ವು. ಯಾಕ ತಪ್ಪಿದ್ವು ಅಂತ ಗೌಡಗ ಎದಿಯಾಗ ಗೊತ್ತಿತ್ತು, ಬಾಯಿಬಿಟ್ಟು ಯಾರಿಗೂ ಹೇಳ್ತಿರಲಿಲ್ಲ. ಇದೂ ಹೋತಂದ್ರ ನಾಕನೇದು ಬರಂಗಿಲ್ಲ ಅನ್ನೋ ಅಂಜಿಕಿ ಅವನ ಹೆಂಡ್ತಿಗೆ.

ಈಗ ನೀವ ಹೇಳ್ರಿ, ನಮ್ಮ ಕಡೆ ಹೆಣ್ಣಿನ ಮನೆತನ ಹೆಂಗ ವಿಚಾರಸ್ತಾರ? ಗೆಳ್ಯಾರನ್ನ ಕೇಳಂಗಿಲ್ಲ, ಬೀಗರನ್ನ ಕೇಳಂಗಿಲ್ಲ. ಬಲ್ಲಂಥವರು ನೆಟ್ಟಗ ಆಗದವರ ಮನಿಗೇ ಹೋಗ್ತಾರ. ಹೌದಲ್ಲೋ? ಗೆಳ್ಯಾ ಹೊಗಳ್ತಾನ, ಆಗದಾಂವ ಇದ್ದಿದ್ದೆಲ್ಲಾ ಹೊರಗ ಹಾಕ್ತಾನ ಅಂತ ಲೆಕ್ಕ. ವರನ ಸೋದರಮಾವ ಬಲ್ಲಂಥ ಮನಷ್ಯಾ. ಬಸ್ ಇಳದಾಂವ ಗೌಡನ ಮನಿ ಕೇಳಲಿಲ್ಲ, ದುಂಡಪ್ಪನ ಮನಿ ಕೇಳಿದ.

ಸುದ್ದಿ ಗೌಡನ ಮನಿ ಮುಟ್ಟಾಕ ಎಷ್ಟೊತ್ತು ಬೇಕ್ರಿ? 'ಗೌಡ್ರ, ಅವ್ರು ದುಂಡಪ್ಪನ ಕಟ್ಟಿ ಮ್ಯಾಲೆ ಕುಂತಾರ' ಅಂತ ಬಂದು ಹೇಳಿದ್ರು. ಗೌಡ ಧಪ್ಪಂತ ಕುಂತ. ಹೆಂಡ್ತಿಗೆ ಅಂದ, 'ಶಿರಾ ಒಲಿ ಮ್ಯಾಲಿಂದ ಇಳಸ. ಇನ್ನ ಯಾರೂ ಬರಂಗಿಲ್ಲ.' ಒಳಗ ಹೊಸಾ ಸೀರಿ ಉಟ್ಟು ನಿಂತಿದ್ಲಲ್ಲ ಮಹಾನಂದಾ, ಅದನ್ನ ಕೇಳಿಸ್ಕೊಂಡು ತಲ್ಯಾಗಿನ ಹೂವ ತಗದಿಟ್ಲು.

ಈ ಕಡೆ ಸೋದರಮಾವ ಚಹಾ ಕುಡುದು ಕೇಳಿದ, 'ಸಾಹೇಬ್ರ, ಹುಡುಗಿಗೆ ಮೂರ್ಛಿ ರೋಗ ಐತಿ ಅಂತ ಸುದ್ದಿ. ಮೊನ್ನೆ ಎರಡು ಮನಿ ಕೇಳಿದ್ವಿ. ಸಾಲ್ಯಾಗ ಬಿದ್ದಿದ್ಲು ಅಂದ್ರು, ಮುಂದ ಬಾಯಿ ಬಿಡವಲ್ರು. ನೀವರೆ ಹೇಳ್ರಿ.'

ಹಿಂಗ ರೋಗದ ಸುದ್ದಿ ಹಬ್ಬೇತಿ ಅಂತ ದುಂಡಪ್ಪಗ ಗೊತ್ತ ಇರಲಿಲ್ಲ. ಬಾಯಿ ತೆರಿಯೂದ್ರಾಗ ಅವನ ಪಾರ್ಟಿಯ ಪರಪ್ಪ ಅವನ್ನ ಒಳಗ ಕರದ. 'ಅಣ್ಣಾ, ಸುಳ್ಳು ಹೇಳು ಅನ್ನಂಗಿಲ್ಲ ನಾ. ಸುಳ್ಳು ನಿನ್ನ ಬಾಯಾಗ ಬರಂಗಿಲ್ಲ, ಬಲ್ಲೆ. "ನಮಗ್ಯಾಕ ಬಿಡ್ರಿ" ಅನ್ನು, ಅಷ್ಟ. ಅವ್ರು ಬಂದ ಬಸ್ಸಿಗೆ ತಿರುಗಿ ಹೋಗ್ತಾರ. ನಮ್ಮ ಬಸಲಿಂಗಕ್ಕಗ ಗೌಡ ಅಂದದ್ದು ಮರತಿಯೇನು?'

ನೋಡ್ರಿ, ಎಷ್ಟು ಚಂದ ಉಪಾಯ! ಸುಳ್ಳಿಲ್ಲ, ಬೈಗಳಿಲ್ಲ, ಪಾಪ ಹತ್ತಂಗಿಲ್ಲ. ನಮಗ್ಯಾಕ ಬಿಡ್ರಿ. ನೀವೂ ಅಂದೀರಿ. ನಾ ಅಂದಿಲ್ಲೇನು? ಒಂದು ಸಲ ಇನ್ನೊಂದು ಮಠದ ಸ್ವಾಮ್ಯಾರ ಬಗ್ಗೆ ಯಾರೋ ಕೇಳಿದ್ರು, ನಾ ಏನೂ ಅನ್ನಲಿಲ್ಲ, ಒಂದೀಟ ನಕ್ಕೆ. ಆ ನಗು ನನಗ ಇವತ್ತಿಗೂ ಚುಚ್ಚತೈತಿ.

ದುಂಡಪ್ಪಗ ಸಿಟ್ಟಿರಲಿಲ್ಲ ಅಂತ ತಿಳೀಬ್ಯಾಡ್ರಿ. ಹೆಂಡ್ತಿ ಮಾರಿ ನೋಡಿದ. ಅಕಿ ಏನಂದ್ಲು? 'ಹೆಣ್ಣುಡುಗಿ ಏನ್ ಮಾಡೈತ್ರಿ? ಹೋಗ್ರಿ, ಕಂಡದ್ದು ಹೇಳ್ರಿ' ಅಂದ್ಲು. ಬಳಿ ಅಂಗಡಿಯಿಂದ ಎದ್ದು ಬಂದಾಕಿ, ಅಕೀನ ಅಂದ್ಲು!

ಹೊರಗ ಬಂದ. 'ಬಿದ್ದದ್ದು ಖರೇ ಐತ್ರಿ. ಬೀಳಿಸಿದಾಂವ ನಾನು' ಅಂದ. ಸೋದರಮಾವ ಕಣ್ಣು ಕಣ್ಣು ಬಿಟ್ಟ.

'ಅಕಿ ಎಂಟನೇತ್ತಾ ಇದ್ಲು. ಆಗಸ್ಟ್ ಹದಿನೈದಕ್ಕ ಧ್ವಜಾ ಹಾರ್ಸಾಕ ನನ್ನ ಕರದಿದ್ರು. ಹುಡುಗ್ರು ಮುಂಜಾನೆ ಹಸದ ಹೊಟ್ಟೀಲೆ ಬಂದು, ಊರೆಲ್ಲಾ ಪ್ರಭಾತಫೇರಿ ತಿರುಗಿ, ಬಿಸಲಾಗ ನಿಂತಿದ್ವು. ನಾ ಮೈಕ್ ಸಿಕ್ತಂತ ಒಂದು ತಾಸು ಒದರಿದೆ. ನಾಕು ಹುಡುಗ್ರು ಬಿದ್ವು. ಮೂರು ಗಂಡು, ಒಂದು ಇಕಿ. ಆ ಮೂರರಾಗ ಒಬ್ಬ ಈಗ ಪೊಲೀಸ್ ಆಗ್ಯಾನ, ಅವಗ ಯಾರೂ ರೋಗ ಅನ್ನಲಿಲ್ಲ. ನೀರು ಕುಡಿಸಿದ್ವಿ, ಎರಡು ಬಾಳಿಹಣ್ಣು ಕೊಟ್ವಿ, ಇಕಿ ಎದ್ದು ಕಾರ್ಯಕ್ರಮದಾಗ ಡ್ಯಾನ್ಸ್ ಮಾಡಿದ್ಲು. ಮುಂದ ಎಂದೂ ಬಿದ್ದದ್ದು ನಾ ಕಂಡಿಲ್ಲ, ಕೇಳಿಲ್ಲ. ರೋಗ ಇದ್ದಿದ್ರ ಐತಿ ಅಂತಿದ್ದೆ, ದವಾಖಾನಿಗೆ ತೋರಿಸ್ರಿ ಅಂತಿದ್ದೆ. ನಿಮಗ ಸಂಶಯ ಇದ್ರ ಆ ಮಾಸ್ತರ ಇನ್ನೂ ಅದಾರ, ಕೇಳ್ರಿ.'

'ಮತ್ತ ಹುಡುಗಿ ಅಪ್ಪ ಹೆಂಗ್ರಿ?'

'ಅಪ್ಪನ ಬಾಯಿ ಕೆಟ್ಟದ್ದು. ನನ್ನ ಹೆಂಡ್ತಿಗೆ ನೋವಾಗೂ ಮಾತು ಆಡ್ಯಾನ, ಅದನ್ನ ನಾ ಮರ್ತಿಲ್ಲ. ಆದ್ರ ಮಕ್ಕಳನ್ನ ಚಲೋ ಬೆಳಸ್ಯಾನ. ನೀವು ಮಾಡ್ಕೊಳ್ಳಾಕ ಬಂದದ್ದು ಮಗಳನ್ನ, ಅಪ್ಪನ್ನಲ್ಲ. ಏಳ್ರಿ, ಅಲ್ಲಿ ಶಿರಾ ಆರತಿರಬೇಕು.'

ಸೋದರಮಾವ ಎದ್ದು ಕೈ ಮುಗುದ. ಆಮ್ಯಾಲೆ ಅಂವ ನಮ್ಮ ಮುಂದ ಹೇಳ್ಯಾನ, 'ಬರೇ ಹೊಗಳಿದ್ರ ನಾ ನಂಬತಿರಲಿಲ್ರಿ. ತನ್ನ ತಪ್ಪು ಮೊದ್ಲ ಹೇಳಿದ್ನಲ್ಲ, ಅದಕ್ಕ ನಂಬಿದೆ' ಅಂತ. ಸಂಜಿ ಆಗೂದ್ರಾಗ ಮಾತು ಗಟ್ಟಿ ಆತು. ಮಹಾನಂದಾ ಮತ್ತ ಹೂವ ಮುಡ್ಕೊಂಡ್ಲು.

ಮರುದಿನ ಗೌಡ ದುಂಡಪ್ಪನ ಬಾಗಲಿಗೆ ಬಂದು ನಿಂತ. ಬಸಲಿಂಗವ್ವನ ಕಾಲು ಮುಟ್ಟಾಕ ಬಗ್ಗಿದ. ಅಕಿ ಹಿಂದ ಸರದ್ಲು. 'ಗೌಡ್ರ, ನೀವಂದದ್ದಕ್ಕ ಭಾಳ ನೋವಾಗೇತಿ. ಇಲ್ಲ ಅನ್ನಂಗಿಲ್ಲ. ಒಳಗ ಬರ್ರಿ, ಮದುವಿ ಯಾವಾಗ ಇಟ್ಟೀರಿ ಹೇಳ್ರಿ' ಅಂದ್ಲು. ದುಂಡಪ್ಪ ಏನಂದ? 'ಮದುವಿಗೆ ಬರ್ತೀನಿ. ಮುಂದಿನ ಚುನಾವಣ್ಯಾಗ ಸೋಲಸ್ತೀನಿ' ಅಂದ. ಸೋಲಿಸಿದ ಕೂಡ. ಅವತ್ತಿಂದ ಗೌಡ ರಸ್ತಾದ ಬಗ್ಗೆ ಜಗಳಾಡಿದ, ನೀರಿನ ಬಗ್ಗೆ ಜಗಳಾಡಿದ, ಮತ್ತೊಬ್ಬರ ಮನಿ ಮಾತು ಮೈಕಿನ್ಯಾಗ ಎತ್ತಲಿಲ್ಲ.

ಹೋದ ವಾರ ಶ್ರದ್ಧಾಂಜಲಿ ಸಭಾದಾಗ ನಾನೂ ಇದ್ದೆ. ಎಲ್ಲಾರೂ ಮಾತಾಡಿದ್ರು. ಗೌಡ ಎದ್ದ. ಮುದುಕ ಆಗ್ಯಾನ. 'ನಾ ದುಂಡಪ್ಪಗ ಎಂದೂ ಓಟು ಹಾಕಿಲ್ರಿ' ಅಂದ. ಮಂದಿ ನಕ್ತು. ಅಂವ ನಗಲಿಲ್ಲ. 'ಆದ್ರ ನನ್ನ ಬಗ್ಗೆ ಯಾರರೆ ಕೇಳಿದ್ರ, ಹೋಗ್ರಿ, ದುಂಡಪ್ಪನ್ನ ಕೇಳ್ರಿ ಅಂತ ಕಳಸ್ತಿದ್ದೆ. ಇನ್ನ ಯಾರ ಕಡೆ ಕಳಿಸ್ಲಿ?' ಅಂದ. ಹಂಗ ಕುಂತು ಅತ್ತುಬಿಟ್ಟ.

ಯಪ್ಪಾ, ಯವ್ವಾ, ಅವತ್ತು ಗೌಡ ಕೇಳಿದ. ಇವತ್ತು ನಾ ನಿಮ್ಮನ್ನ ಕೇಳ್ತೀನಿ. ನಿಮಗ ಆಗದವರು ಒಬ್ಬರರೆ ಅದಾರಲ್ಲ? ವಾರಗಿತ್ತಿ ಇರಬಹುದು, ಬಾಜೂ ಹೊಲದಾಂವ ಇರಬಹುದು, ಮಾತು ಬಿಟ್ಟ ತಮ್ಮ ಇರಬಹುದು. ಅವ್ರು ತಮ್ಮ ಬಗ್ಗೆ ಕೇಳಾಕ ಬಂದವರನ್ನ ಧೈರ್ಯದಿಂದ ನಿಮ್ಮ ಮನಿಗೆ ಕಳಿಸ್ತಾರೇನು? ಕಳಸಂಗಿಲ್ಲ ಅಂದ್ರ, ನೀವು ದಿನಾ ಮಠಕ್ಕ ಬಂದು ಏನ್ ಬಂತು?

ಅವರನ್ನ ಪ್ರೀತಿ ಮಾಡ್ರಿ ಅನ್ನಂಗಿಲ್ಲ ನಾ. ಅದು ನಿಮಗ ಇವತ್ತಿಗೆ ಆಗಂಗಿಲ್ಲ, ಬಲ್ಲೆ. ಜಗಳ ಇದ್ರ ಇರ್ಲಿ. ಯಾರರೆ ಬಂದು ಕೇಳಿದ್ರ ಕಂಡದ್ದಷ್ಟ ಹೇಳ್ರಿ. ಕೆಟ್ಟದ್ದು ಕಂಡಿದ್ರ ಅದನ್ನ ಹೇಳ್ರಿ, ಆದ್ರ ಅದರಾಗ ನಿಮ್ಮ ಪಾಲು ಎಷ್ಟಿತ್ತು ಅಂತ ಮೊದ್ಲ ಹೇಳ್ರಿ. ಕಾಣದ್ದಕ್ಕ ಹುಬ್ಬು ಏರಿಸಬ್ಯಾಡ್ರಿ, ತುಟಿ ತಿರವಬ್ಯಾಡ್ರಿ, ನಮಗ್ಯಾಕ ಬಿಡ್ರಿ ಅನಬ್ಯಾಡ್ರಿ.

ಇಲ್ಲಿ ಕುಂತವರೊಳಗ ಹಂಗ ತುಟಿ ತಿರವಿ ಯಾರದೋ ಮನಿ ಸಂಬಂಧ ಕೆಡಿಸಿದವರು ಅದೀರಿ. ಯಾರು ಅಂತ ನನಗ ಗೊತ್ತಿಲ್ಲ, ನಿಮಗ ಗೊತ್ತೈತಿ. ನಾಳೆ ಮುಂಜಾನೆ ಚಹಾ ಕುಡಿಯೋಕಿಂತ ಮೊದ್ಲ ಅವರ ಮನಿಗೆ ಹೋಗ್ರಿ. 'ಅವತ್ತು ಕೇಳಾಕ ಬಂದಿದ್ರು, ನಾ ಸುಮ್ಮನಾದೆ. ನಿಮ್ಮ ಮಗಳು ಒಳ್ಳೇಕಿ, ನನಗ ಗೊತ್ತಿತ್ತು' ಅಂತ ಆ ತಾಯಿ ಮುಂದ ಹೇಳ್ರಿ. ಅಕಿ ಬೈತಾಳ, ಬೈಸ್ಕೋರಿ. ಆಮ್ಯಾಲೆ, ಹಿಂದಕ್ಕ ಹೋದ್ರಲ್ಲ ಆ ವರನ ಮನಿಯವರು, ಅವರ ಊರಿಗೆ ಹೋಗೋ ಬಸ್ ಯಾವಾಗ ಐತಿ ಕೇಳ್ರಿ, ಹತ್ರಿ, ಅಲ್ಲೂ ಹೋಗಿ ಅದನ್ನ ಹೇಳ್ರಿ.