ತಗಡಯ್ಯನ ಕಾಲುಂಗುರ

ದೀಪ ಸ್ವಲ್ಪ ಸಣ್ಣಗೆ ಮಾಡು. ಹಾಂ... ಅಷ್ಟಿರಲಿ. ಬಾಗಿಲು ಹಾಕಿದ್ದೀರಾ? ಸರಿ, ಹತ್ರ ಬಂದು ಕುಂತ್ಕಳ್ರಿ.

ಇದು ನಮ್ಮ ದೊಡ್ಡವ್ವನ ಮಗ ಚಿತ್ರಲಿಂಗಪ್ಪನಿಗೆ ಆಗಿದ್ದು. ಬೇರೆ ಎಲ್ಲೋ ಅಲ್ಲ, ರಾಮಗಿರಿ ಹತ್ರ ನಮ್ಮೂರಲ್ಲೇ. ಎಮರ್ಜೆನ್ಸಿ ಅಂತಿದ್ರಲ್ಲ, ಆ ವರ್ಷ.

ಚಿತ್ರಲಿಂಗಪ್ಪಂದು ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಪಕ್ಕ ರೇಡಿಯೋ, ಗಡಿಯಾರ ರಿಪೇರಿ ಅಂಗಡಿ. ಅವತ್ತು ಕೊನೇ ಬಸ್ಸು ದಾರೀಲೇ ಕೆಟ್ಟು ನಿಂತುಬಿಡ್ತು. ಇಳಿದು ನಡೆದ. ಊರು ಹತ್ತಿರ ಬರೋ ಹೊತ್ತಿಗೆ ಒಂದು ನಾಯಿ ಸದ್ದೂ ಇಲ್ಲ. ಹಾಳುಬಾವಿ ದಾಟಿದ. ಮುಂದೆ ಆಲದ ಮರ. ಅದರ ಹಿಂದೆ ಅವನ ಹೊಲ. ಆ ಹೊಲದ ಬದುವಿನಲ್ಲೇ ಅವನ ಹೆಂಡತಿ ಏಕನಾಥಮ್ಮನ್ನ ಮಣ್ಣು ಮಾಡಿದ್ದು. ಹೋಗಿ ಒಂದು ಮಳೆಗಾಲ ಕಳೆದಿತ್ತು.

ಆಗ ಕೇಳಿಸ್ತು.

ಕಿರ್ರ್... ಟಣ್. ಕಿರ್ರ್... ಟಣ್.

ನಿಂತ. ಸದ್ದೂ ನಿಂತ್ಕೊಂತು.

ಹೆಜ್ಜೆ ಇಟ್ಟ... ಕಿರ್ರ್... ಟಣ್.

ಎರಡೂ ಅವನಿಗೆ ಗೊತ್ತಿದ್ದ ಸದ್ದೇ. ಕಿರ್ರ್ ಅನ್ನೋದು ಅವನೇ ಕೈಯಾರ ಮಾಡಿದ ತಗಡಿನ ಮನುಷ್ಯನ ಮೊಣಕಾಲು. ಟಣ್ ಅನ್ನೋದು... ಕಲ್ಲಿಗೆ ತಾಗಿದ ಕಾಲುಂಗುರ. ಏಕನಾಥಮ್ಮ ಹೊಸ್ತಿಲು ದಾಟುವಾಗ ಬರ್ತಿತ್ತಲ್ಲ, ಅದೇ.

ಆದರೆ ತಗಡಿನವನ ಸೆಲ್ಲುಗಳನ್ನ ಬೆಳಿಗ್ಗೆ ಅವನೇ ಕಿತ್ತು ಚೀಲಕ್ಕೆ ಹಾಕ್ಕೊಂಡು ಹೋಗಿದ್ದ. ಕೈಯಿಟ್ಟು ನೋಡಿದ. ಚೀಲದಲ್ಲೇ ಇದ್ದವು... ತಣ್ಣಗೆ.

ಆಲದ ಬುಡದಲ್ಲಿ ನಿಂತಿತ್ತು ಅದು. ಲಾಟೀನು ಹಿಡ್ಕೊಂಡು ಗಂಡನ ದಾರಿ ಕಾಯ್ತಾ ಏಕನಾಥಮ್ಮ ನಿಲ್ತಿದ್ಲಲ್ಲ, ಅದೇ ಬೇರಿನ ಹತ್ರ.

"ಏಕಾ...?" ಅಂದ.

ಅದು ತಿರುಗಿ ಮನೆ ಕಡೆ ನಡೀತು. ಇವನು ಅದರ ಹಿಂದೆ ಹಿಂದೆ...

ಆ ತಗಡಯ್ಯನ ವಿಷಯ ಹೇಳಬೇಕು ನಿಮಗೆ. ಯಾವುದೋ ಪೇಪರಿನಲ್ಲಿ ರೋಬೋಟ್ ಅಂತ ಚಿತ್ರ ಬಂದಿತ್ತಂತೆ. ಅದನ್ನ ನೋಡಿದ್ದೇ ಇವನಿಗೆ ಹುಚ್ಚು ಹಿಡೀತು. ಸೀಮೆಎಣ್ಣೆ ಡಬ್ಬ ಎದೆ ಆಯ್ತು. ಸೈಕಲ್ ಚೈನು ನರ ಆಯ್ತು. ಲಾರಿ ವೈಪರಿನ ಮೋಟರು ಹೊಟ್ಟೆಗೆ ಕುಂತಿತು. ಆಳೆತ್ತರ ಇಲ್ಲ, ಐದಾರು ವರ್ಷದ ಕೂಸಿನಷ್ಟು. ಸೆಲ್ ಹಾಕಿದರೆ ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೀತಿತ್ತು. ಊರವರೇ ತಗಡಯ್ಯ ಅಂತ ಹೆಸರಿಟ್ಟರು.

ಅವರಿಗೆ ಮಕ್ಕಳಿರಲಿಲ್ಲ. "ನನಗೊಂದು ಕೂಸು ಕೊಡ್ರಿ ಅಂದ್ರೆ ತಗಡಿಂದು ಕೊಟ್ರಲ್ರೀ, ಹಾಲಿನ ಖರ್ಚೂ ಉಳೀತು ಬಿಡ್ರಿ" ಅಂತ ಏಕನಾಥಮ್ಮ ನಗೋಳು. ನಕ್ಕರೂ ಅದರ ಆರೈಕೆಯೆಲ್ಲ ಅವಳದೇ. ಯಂತ್ರ ಅಂದ್ರೆ ಸುಮ್ನೆ ಆಗ್ತದಾ? ಧೂಳು ಕೂತರೆ ಚಕ್ರದ ಹಲ್ಲು ತಿಂತದೆ, ಎಣ್ಣೆ ಆರಿದರೆ ಕೀಲು ಕಚ್ಕೋತದೆ. ಸಂಜೆ ಆಯ್ತಂದ್ರೆ ಅದನ್ನ ಮುಂದೆ ಕೂರಿಸ್ಕೊಂಡು ಕೋಳಿ ಪುಕ್ಕದಲ್ಲಿ ಕೀಲು ಕೀಲಿಗೂ ಎಣ್ಣೆ ಬಿಡೋಳು.

ಹಂಗಿದ್ದ ಹೆಂಗಸು ಜ್ವರ ಬಂದು ಹೋಗಿಬಿಟ್ಲು.

ಮುತ್ತೈದೆ ಸತ್ತರೆ ನಮ್ಮಲ್ಲಿ ಕಾಲಿಗೆ ಅರಿಶಿನ ಹಚ್ಚಿ, ಕಾಲುಂಗುರ ಕಾಲಲ್ಲೇ ಬಿಟ್ಟು ಕಳಿಸ್ತಾರೆ. ಮೈ ತೊಳೆಯುವಾಗ ಬಲಗಾಲಿಂದು ಜಾರಿ ಬಂತು. ಎಡಗಾಲಿಂದು ಬರಲಿಲ್ಲ. ಅದಕ್ಕೆ ಶೇಂಗಾ ಕಳೆ ತೆಗೆಯುವಾಗ ಗುದ್ದಲಿ ತಾಗಿ ಕಚ್ಚು ಬಿದ್ದಿತ್ತು, ಬೆರಳಿಗೆ ಕಚ್ಕೊಂಡೇ ಇತ್ತು. ಜಾರಿದ್ದನ್ನ ಚಿತ್ರಲಿಂಗಪ್ಪನ ಅಕ್ಕ ಕೆಂಚಕ್ಕ ಅವನ ಕೈಗಿಟ್ಟು, "ಗಂಡನೇ ತೊಡಿಸಬೇಕು ಕಣಪ್ಪ" ಅಂದ್ಲು. ಇವನು ಬಗ್ಗಿದ. ಎಲ್ಲ ಅಳ್ತಿದ್ರು, ಯಾರು ನೋಡ್ತಾರೆ... ತೊಡಿಸಲಿಲ್ಲ. ಸೊಂಟದ ಪಂಚೆಗೆ ಸಿಗಿಸ್ಕೊಂಡ. ಒಂದಾದರೂ ನನ್ನ ಹತ್ರ ಇರ್ಲಿ ಅಂತ.

ಅವಳು ಹೋದ ಮೇಲೆ ತಗಡಯ್ಯನಿಗೆ ಎಣ್ಣೆ ಬಿಡೋರಿಲ್ಲ. ಬಲಗಾಲಿನ ಹಿಮ್ಮಡಿ ಕೀಲಿನೊಳಗೆ ಉಂಗುರದಷ್ಟು ಒಂದು ಹಿತ್ತಾಳೆ ಬಳೆ ಇತ್ತು, ಅದು ಸವೆದು ಕುಂಟೋಕೆ ಶುರುವಾಯ್ತು. ಆ ಅಳತೆ ಬಳೆ ದುರ್ಗದ ಪೇಟೇಲೂ ಸಿಗಲಿಲ್ಲ. ಒಂದಿನ ಸೊಂಟದಲ್ಲಿದ್ದ ಕಾಲುಂಗುರ ತೆಗೆದು ಆ ಕೀಲಿಗೆ ಹಿಡಿದು ನೋಡಿದ. ಮಾಡಿಸಿದಂಗೆ ಕೂತ್ಕೊಂತು.

ಆಲದ ಮರದ ಹತ್ರ ಕಂಡಿದ್ದು ಅದಾದ ಮೂರ್ನಾಲ್ಕು ದಿನಕ್ಕೆ.

ಅವತ್ತಿಂದ ದಿನಾ ರಾತ್ರಿ. ಸೆಲ್ ಇಲ್ಲ, ವೈರು ಬಿಚ್ಚಿದ್ದಾನೆ... ಆದರೂ ಹೊರಡೋದು. ಅಗಳಿ ಹಾಕಿದರೆ ಅಗಳಿ ಬಿಚ್ಚಿರ್ತಿತ್ತು. ಕಂಬಕ್ಕೆ ಕಟ್ಟಿದರೆ ಹಗ್ಗ ಕಂಬದಲ್ಲೇ ಇರೋದು, ಗಂಟು ಗಂಟಾಗೇ ಇರೋದು, ಅದು ಮಾತ್ರ ಇರ್ತಿರಲಿಲ್ಲ. ಆಲದ ಮರದ ತನಕ ಹೋಗಿ, ನಿಂತು, ವಾಪಸ್ ಬರೋದು.

ಮೊದಮೊದಲು ಅವನಿಗೆ ಸಂತೋಷವೇ. ಜಗಲಿ ಮೇಲೆ ಕೂತು ಕಾಯೋನು. ಟಣ್... ಟಣ್... ಅಂತ ಕೇಳಿದರೆ ಅವನ ಜೀವಕ್ಕೆ ಅವಳು ಬಂದಂಗೆ.

ಒಂದು ಬೆಳಿಗ್ಗೆ ಎಣ್ಣೆ ಬದಲಾಯಿಸೋಣ ಅಂತ ಕೀಲು ಬಿಚ್ಚಿದ. ಎಣ್ಣೆ ಕಪ್ಪಗಾಗಿತ್ತು. ಬೆರಳಲ್ಲಿ ತಿಕ್ಕಿ ಬಿಸಿಲಿಗೆ ಹಿಡಿದ. ಒಳಗೆ ಬೆಳ್ಳಿ ಪುಡಿ ಮಿಣ ಮಿಣ ಅಂತಿತ್ತು...

ಬೆಳ್ಳಿ ಮೆತ್ತಗಿನ ಲೋಹ. ಕಬ್ಬಿಣದ ಜತೆ ಎಷ್ಟು ದಿನ ತಾಳ್ತದೆ? ಒಂದೊಂದು ಹೆಜ್ಜೆಗೂ ಅವಳು ಸವೀತಿದ್ದಳು.

ಆಮೇಲೆ ಅಂಗಡೀನೂ ಇಲ್ಲ, ಊಟಾನೂ ಇಲ್ಲ. ಹಗಲೆಲ್ಲ ಕೀಲು ಒರೆಸೋದು, ಹೊಸ ಎಣ್ಣೆ ಬಿಡೋದು. ರಾತ್ರಿ ಅದನ್ನ ತಬ್ಬಿ ಕೂರೋದು. "ಬ್ಯಾಡ ಕಣೇ... ಇವತ್ತೊಂದಿನ ನಡೀಬ್ಯಾಡ..." ಅನ್ನೋನು. ಯಾವಾಗಲೋ ಕಣ್ಣು ಮುಚ್ಚೋದು. ಕಿರ್ರ್... ಟಿಣ್. ಎದ್ದರೆ ತೋಳು ಖಾಲಿ. ಸದ್ದೂ ಸಣ್ಣಗಾಗಿತ್ತು. ಮುಂಚಿನ ಟಣ್ ಈಗ ಟಿಣ್.

ತಮ್ಮ ಸೊರಗಿ ಬಡವಾದ ಅಂತ ಕೇಳಿ ಕೆಂಚಕ್ಕ ಬಂದ್ಲು. ರಾತ್ರಿ ಅವಳ ಕಿವಿಗೂ ಬಿತ್ತು. ಎದ್ದು ಕೂತಳು.

"ಲೇ... ಅದು ಯಾರ ಕಾಲುಂಗುರನೋ?" ಪಿಸುಮಾತಲ್ಲಿ ಕೇಳಿದಳು.

ಇವನು ಮುಖ ಗೋಡೆ ಕಡೆ ತಿರುಗಿಸಿದ.

"ತೊಡಿಸಲಿಲ್ವಾ ನೀನು?"

"ಇಲ್ಲಕ್ಕ..."

"ಅಯ್ಯೋ ನಿನ್ನ! ಮುತ್ತೈದೇನ ಒಂದು ಕಾಲು ಬರಿದು ಮಾಡಿ ಕಳಿಸಿದ್ಯಲ್ಲೋ! ಅವಳು ಹೆಂಗೋ ಹೋಗ್ತಾಳೆ? ಬೆಳಿಗ್ಗೆ ಕಿತ್ತು ಕೊಡು. ಅವಳ ಮಣ್ಣಲ್ಲಿ ಹೂತು ಬರಾಣ."

"ಕೊಟ್ರೆ ಬರಾದಿಲ್ಲ ಅಕ್ಕ ಅವಳು."

"ಕೊಡದಿದ್ರೆ ಉಳೀತಾಳೇನೋ?"



ಬೆಳಿಗ್ಗೆ ಕೀಲು ಬಿಚ್ಚಿದ. ಅಕ್ಕ ಪಕ್ಕದಲ್ಲೇ ಕೂತಿದ್ಲು. ಒಳಗೆ ಉಂಗುರ ಎಲ್ಲಿದೆ? ಕೂದಲೆಳೆ. ಬರೀ ಕೂದಲೆಳೆಯಷ್ಟು ಬೆಳ್ಳಿ. ಚಿಮುಟ ತಾಗಿಸಿದರೆ ಪುಡಿ ಆಗ್ತದೆ. ಕೊಡೋಣ ಅಂದ್ರೆ ಕೊಡೋಕೆ ಏನೂ ಉಳಿದಿಲ್ಲ, ಇಟ್ಕೊಳ್ಳೋಣ ಅಂದ್ರೆ ಇಟ್ಕೊಳ್ಳೋಕೂ ಇಲ್ಲ. ಕೆಂಚಕ್ಕ ಬೈಯಲಿಲ್ಲ. ಅವನ ತಲೆ ತನ್ನ ಮಡಿಲಿಗೆ ಎಳ್ಕೊಂಡಳು ಅಷ್ಟೇ. ಅವನು ಹಂಗೇ ಕೀಲು ಮುಚ್ಚಿ ಒಂದು ತೊಟ್ಟು ಎಣ್ಣೆ ಬಿಟ್ಟ.

ಆ ರಾತ್ರಿ ಇಬ್ಬರೂ ಹಿಂದೆ ಹೋದರು.

ಕಿರ್ರ್... ಟಿಣ್. ಕಿರ್ರ್... ಟಿಣ್.

ಆಲದ ಮರದ ಹತ್ರ ನಿಲ್ಲಲಿಲ್ಲ ಅವತ್ತು. ಹೊಲಕ್ಕೆ ಇಳೀತು.

ಕಿರ್ರ್... ಕಿರ್ರ್...

ಟಿಣ್ ಇಲ್ಲ.

"ಹೋಯ್ತಕ್ಕ..." ಅಂದ. ಓಡಬೇಕು ಅಂತ ಅವನಿಗೆ. ಕಾಲು ನೆಲಕ್ಕೆ ಮೊಳೆ ಹೊಡೆದಂಗೆ. ಕೆಂಚಕ್ಕನಿಗೂ ಹಂಗೇ. ಕತ್ತಲಲ್ಲಿ ಬದುವಿನ ಕಡೆಯಿಂದ ಇನ್ನೊಂದು ಸದ್ದು ಬಂತು. ಕರ... ಕರ... ಕರ... ಒಣ ಮಣ್ಣನ್ನ ಉಗುರಲ್ಲಿ ಕೆರೆದಂಗೆ. ತಗಡಿನ ಸದ್ದಲ್ಲ ಅದು. ಉಗುರಿನ ಸದ್ದೇ. ಬಹಳ ಹೊತ್ತು...

ಆಮೇಲೆ ಅವರ ಪಕ್ಕದಲ್ಲೇ ಹಾದು ಹೋಯ್ತು.

ಕಿರ್ರ್... ಟಣ್.

ದಪ್ಪ ಸದ್ದು. ಮೊದಲಿನಂಗೆ.

ಬೆಳಕು ಹರಿದ ಮೇಲೆ ಕೆಂಚಕ್ಕ ಹೊಲಕ್ಕೆ ಹೋಗಿ ನೋಡಿದ್ಲು. ಏಕನಾಥಮ್ಮನ ಮಣ್ಣಿನ ಮೇಲೆ ತುಂಬೆ ಗಿಡ ಬೆಳೆದಿದ್ವು. ಒಂದೂ ಅಲುಗಿರಲಿಲ್ಲ, ಮಣ್ಣೂ ಕೆದರಿರಲಿಲ್ಲ. ಮನೆಗೆ ಬಂದ್ರೆ ತಗಡಯ್ಯ ಪಡಸಾಲೆಯಲ್ಲಿ ನಿಂತಿದ್ದ, ಚಿತ್ರಲಿಂಗಪ್ಪ ಅದರ ಕಾಲ ಹತ್ರ ಕೂತು ಕೀಲು ಬಿಚ್ಚಿದ್ದ. ಅಂಗೈಯಲ್ಲಿ ಕಾಲುಂಗುರ. ದಪ್ಪಗೆ, ಗಟ್ಟಿಯಾಗಿ... ಅದರ ಮೇಲೆ ಗುದ್ದಲಿ ಕಚ್ಚು.

"ಇದನ್ನೂ ಕೊಟ್ಲಲ್ಲ ಅಕ್ಕ... ಈಗ ಎರಡು ಕಾಲೂ ಬರಿದು ಅವಳಿಗೆ" ಅಂದ. ಕಚ್ಚಿನ ಮೇಲೆ ಬೆರಳಾಡಿಸಿ, "ಇದೂ ಸವೀತದೆ" ಅಂದ.

ಸುಳ್ಳು ಅನ್ಕೊಂತೀರೇನೋ. ಅವತ್ತೇ ಮಧ್ಯಾಹ್ನ ನಾನು ಅವರ ಮನೆಗೆ ಹೋಗಿದ್ದೆ. ಆ ಉಂಗುರ ನನ್ನ ಈ ಕೈಯಲ್ಲೇ ಹಿಡಿದು ನೋಡಿದೀನಿ. ಸುತ್ತಿನ ಸಂದಿಯಲ್ಲಿ ಮಣ್ಣು ಇತ್ತು. ಮಣ್ಣಿನ ಜತೆ ಅರಿಶಿನ ಇತ್ತು. ಬೆರಳಲ್ಲಿ ಮುಟ್ಟಿದೆ...

ಅರಿಶಿನ ಇನ್ನೂ ಹಸಿ ಇತ್ತು.