ಮೂರನೇ ಬಳೆ

ಸ್ಕ್ಯಾನಿಂಗ್ ಕೋಣೆಯ ಹೊರಗೆ ಹಣ್ಣಿನಂಗಡಿಯ ಗಂಡ ಹೆಂಡತಿ ನನ್ನ ಪಕ್ಕದಲ್ಲೇ ಕೂತಿದ್ದರು. ಗಂಡನ ಬೆನ್ನಿನಲ್ಲೊಂದು ಗಂಟು ಬೆಳೆದು ಅಂಗಿ ಉಬ್ಬಿತ್ತು. ಅಂಗಡಿಯಿಂದ ನೇರ ಬಂದಿರಬೇಕು. ನಿಂಬೆಹಣ್ಣನ್ನು ತೂರಿಸಿ ಗಾತ್ರ ನೋಡುವ ತಂತಿಬಳೆಗಳ ಗೊಂಚಲು ಹೆಂಡತಿಯ ಕೈಯಲ್ಲೇ ಇತ್ತು.

"ಡಾಕ್ಟ್ರು ಹೋದ್ಸಲ ನಿಂಬೆಹಣ್ಣಿನಷ್ಟಿದೆ ಅಂದ್ರು. ಇವತ್ತು ಕಿತ್ತಳೆ ಅಂತಾರೆ," ಎಂದ ಗಂಡ.

"ಹಣ್ಣಿನ ವಿಷಯ ಅವರಿಗೇನ್ರೀ ಗೊತ್ತು? ನಿಂಬೇಲೇ ನಾಲ್ಕು ಸೈಜಿದೆ."

"ಅಲ್ವೇ, ಎಲ್ಲದಕ್ಕೂ ಹಣ್ಣೇ ಯಾಕೆ ಹೇಳ್ತಾರೆ ಇವ್ರು? ಪಕ್ಕದ್ಮನೆಯವನಿಗೆ ದ್ರಾಕ್ಷಿ, ನಿಮ್ಮಕ್ಕನ ಹೊಟ್ಟೇಲಿ ಸೀಬೆಹಣ್ಣು."

"ಹಣ್ಣು ಅಂದ್ರೆ ಜನ ಹೆದರಲ್ಲ ಅಂತಿರ್ಬೇಕು."

"ಹಣ್ಣು ಮಾರೋನು ಹೆದರ್ತಾನೆ ಕಣೆ. ಕಿತ್ತಳೆ ಅಂದ ತಕ್ಷಣ ನನ್ನ ಅಂಗೈ ತುಂಬಿಬಿಡ್ತು."

ಆಕೆ ಬಳೆಗಳನ್ನು ಒಂದೊಂದಾಗಿ ಸರಿಸುತ್ತಿದ್ದಳು.

"ನೀನು ವಾರ ವಾರ ಗಂಟಿಗೆ ಬಳೆ ಇಟ್ಟು ನೋಡ್ತಿದ್ಯಲ್ಲ. ಮೂರನೇ ಬಳೆ, ಮೂರನೇ ಬಳೆ ಅಂತ ಗಿಣಿಪಾಠ ಒಪ್ಪಿಸ್ತಿದ್ದೆ."

"ಹೂಂ."

"ನನ್ನ ಬೆನ್ನು ನನಗೆ ಕಾಣಲ್ಲ. ನಿಜ ಹೇಳು."

"ಎರಡು ತಿಂಗಳಾಯ್ತು, ದೊಡ್ಡ ಬಳೇನೂ ಸಾಲ್ತಿಲ್ಲ."

ಆತ ಗೊಂಚಲಿನ ದೊಡ್ಡ ಬಳೆಯನ್ನು ಬೆರಳಲ್ಲಿ ಎತ್ತಿ ನೋಡಿದ.

"ಗಿರಾಕಿಗೆ ಒಂದು ದಿನಾನೂ ಸುಳ್ಳು ಅಳತೆ ಹೇಳ್ದೋಳಲ್ಲ ನೀನು."

ಅಷ್ಟರಲ್ಲಿ ನರ್ಸ್ ಕರೆದಳು. ಹೆಂಡತಿ ಬಳೆಗಳನ್ನು ಚೀಲಕ್ಕೆ ಹಾಕಿ, ಗಂಡನ ತೋಳು ಹಿಡಿದು ಎಬ್ಬಿಸಿದಳು. ಬಾಗಿಲು ಮುಚ್ಚುವ ಮುಂಚೆ ಅವಳ ಮಾತು ಕೇಳಿಸಿತು.

"ಗಿರಾಕಿಗಾದ್ರೆ ನಿಜ ಹೇಳ್ಬಹುದು. ನೀವು ಗಿರಾಕಿಯೇನ್ರೀ ನನಗೆ?"