ಕಾಣದ ದೇವಿಗೆ ಮೂವತ್ತೆಂಟು ಅಂಕ

ನಮ್ಮ ಹಾಲಿನ ಡೇರಿಗೂ ಊರ ಲಕ್ಷ್ಮೀದೇವಿ ಗುಡಿಗೂ ಅಧ್ಯಕ್ಷರಾಗಿ, ಇಂದಿನ ಸಭೆಯ ಅಧ್ಯಕ್ಷತೆಯನ್ನೂ ವಹಿಸಿಕೊಂಡಿರುವ ನಂಜಪ್ಪನವರೇ, ವೇದಿಕೆಯ ಮೇಲೆ ನನಗಿಂತ ನೆಮ್ಮದಿಯಾಗಿ ಕೂತಿರುವ ಗಣ್ಯರೇ, ಹಾಲು ಕರೆದು, ಕೈ ತೊಳೆದು, ಸಮಯಕ್ಕೆ ಸರಿಯಾಗಿ ಬಂದಿರುವ ಸಭಿಕರೇ,

ನಿರೂಪಕರಾದ ಚಲುವರಾಜು ಅವರು ನನ್ನನ್ನು ಸಂತೆಬಾಚಹಳ್ಳಿ ಹೋಬಳಿಯ ಮೊಟ್ಟಮೊದಲ ದೇವತಾಶಾಸ್ತ್ರ ಪದವೀಧರೆ, ಕುಮಾರಿ ಸಂಘಮಿತ್ರಾ ಎಂದು ಪರಿಚಯಿಸಿದರು. ಮೊದಲನೆಯವಳು ಹೌದು. ಎರಡನೆಯವರು ಇನ್ನೂ ಸಿಕ್ಕಿಲ್ಲವಾದ್ದರಿಂದ ಸದ್ಯಕ್ಕೆ ಕೊನೆಯವಳೂ ನಾನೇ. ಶಾಲು ಹೊದಿಸಿದ್ದೀರಿ. ಈ ಸೆಕೆಯಲ್ಲಿ ಅದನ್ನು ತೆಗೆಯುವ ಧೈರ್ಯವೂ ನನಗಿಲ್ಲ.

ಈ ಪದವಿಯನ್ನು ನಾನು ಹುಡುಕಿಕೊಂಡು ಹೋದೆನೇ? ಇಲ್ಲ. ಬಿ.ಕಾಂ. ಓದಬೇಕೆಂದು ಶ್ರೀರಂಗಪಟ್ಟಣದ ಕಡೆಯ ಒಂದು ಪುಟ್ಟ ವಿಶ್ವವಿದ್ಯಾಲಯಕ್ಕೆ ಹೋದೆ. ಎಷ್ಟು ಪುಟ್ಟದೆಂದರೆ, ಬಸ್ಸಿನಲ್ಲಿ ಒಂದು ಸಲ ಆಕಳಿಸುವಷ್ಟರಲ್ಲಿ ಅದು ಹಿಂದೆ ಹೋಗಿ ಕರಿಘಟ್ಟದ ಬೆಟ್ಟ ಬಂದಿರುತ್ತಿತ್ತು. ಬಿ.ಕಾಂ. ಸೀಟು ಭರ್ತಿಯಾಗಿತ್ತು. ಗುಮಾಸ್ತರು ಕನ್ನಡಕ ಏರಿಸಿ, "ಥಿಯಾಲಜಿ ಖಾಲಿ ಐತೆ, ಬರ್ಕೊಳ್ಳನಾ?" ಎಂದರು. ಜುವಾಲಜಿಗೆ ಅಕ್ಕನೋ ತಂಗಿಯೋ ಇರಬೇಕೆಂದು ನಾನು ಹೂಂ ಎಂದೆ.

ಮನೆಗೆ ಬಂದು, ಇದು ದೇವರ ವಿಚಾರದ ಓದು ಎಂದೆ. ನಮ್ಮಪ್ಪ ದ್ಯಾವಯ್ಯ, "ದೇವ್ರ ವಿಚಾರ ಗೊತ್ತಿರೋರು ಊರಲ್ಲಿ ಬೇಕಾದಷ್ಟು ಜನ ಅವ್ರೆ. ಅವ್ರಲ್ಲಿ ಯಾರ್ಗವ್ವ ಕೆಲ್ಸ ಸಿಕ್ಕದೆ?" ಎಂದರು.

ತರಗತಿಯಲ್ಲಿ ಆರು ಜನ. ಪಾಠ ಹೇಳುತ್ತಿದ್ದವರು ಪುಟ್ಟತಾಯಮ್ಮ ಮೇಡಂ, ನಾಗಮಂಗಲದವರು. ಎರಡನೇ ವರ್ಷ ಅವರು ಒಂದು ಪ್ರಬಂಧ ಬರೆಯಲು ಹೇಳಿದರು: ನಿಮ್ಮೂರ ಗುಡಿಯ ಗರ್ಭಗುಡಿಯನ್ನು ನೋಡಿ, ನೋಡಿದ್ದನ್ನು ವಿವರಿಸಿ. ನಲವತ್ತು ಅಂಕ.

ನಾನು ಎಲ್ಲಿ ನೋಡಲಿ? ನಿಮಗೆಲ್ಲ ಗೊತ್ತಿರುವ ಸಂಗತಿ, ನಮ್ಮ ಕೇರಿಯವರು ಆ ಗುಡಿಯ ಹೊಸ್ತಿಲು ದಾಟಿದವರಲ್ಲ. ಮೇಡಂಗೆ ಹೀಗೆಂದು ಹೇಳಬಹುದಿತ್ತು. ನಾಚಿಕೆಯಾಯಿತು. ಮನೆಗೆ ಬಂದು, ಗೊಬ್ಬರದ ಅಂಗಡಿಯವರು ಕೊಟ್ಟಿದ್ದ ಕ್ಯಾಲೆಂಡರಿನ ಮುಂದೆ ಕೂತು, ಅದರಲ್ಲಿದ್ದ ಲಕ್ಷ್ಮಿಯನ್ನು ಬರೆದೆ. ನಾಲ್ಕು ಕೈ, ನಿಂತ ಭಂಗಿ, ತುಟಿಯ ಮೇಲೆ ನಗು. ಅನುಮಾನ ಬರದಿರಲೆಂದು ಎಡಗಾಲಿನ ಗೆಜ್ಜೆಯಲ್ಲಿ ಎರಡು ಮಣಿ ಉದುರಿಸಿದೆ. ಮೂವತ್ತೆಂಟು ಅಂಕ ಬಂತು. "ಕಣ್ಣಿಗೆ ಕಟ್ಟಿದಂತಿದೆ" ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ.

ಮುಂದಿನ ವಾರ ಮೇಡಂ, "ಅಂಥಾ ವಿಗ್ರಹ ನಾವೂ ನೋಡಬೇಕಲ್ಲ" ಎಂದು ಇಡೀ ತರಗತಿಯನ್ನು ಬಸ್ಸು ಹತ್ತಿಸಿಕೊಂಡು ನಮ್ಮೂರಿಗೆ ಬಂದರು. ಎಲ್ಲರೂ ಒಳಗೆ ಹೋದರು. ನಾನು ಫೋನು ಬಂದವಳಂತೆ ಮೊಬೈಲನ್ನು ಕಿವಿಗಿಟ್ಟುಕೊಂಡು ಹೊರಗೆ ನಿಂತೆ. ನಂಜಪ್ಪನವರು ಗುಡಿಯ ಜಗಲಿಯ ಮೇಲೆ ಕೂತಿದ್ದರು. ಅವರು ನನ್ನನ್ನು ತಡೆದರೇ? ಇಲ್ಲ. ಬಾ ಎಂದರೇ? ಅದೂ ಇಲ್ಲ. ಸತ್ಯ ಹೇಳಬೇಕೆಂದರೆ ಆ ದಿನ ನನ್ನನ್ನು ತಡೆದವಳು ನಾನೇ.

ಮೇಡಂ ಹೊರಗೆ ಬಂದು, "ಸಂಘಮಿತ್ರಾ, ದೇವಿ ಕೂತಿದ್ದಾಳೆ. ನೀನು ನಿಂತಿದ್ದಾಳೆ ಅಂತ ಬರ್ದಿದ್ದೀಯ" ಎಂದರು.

"ಯಾವಾಗ ಕೂತ್ಕೊಂಡ್ಲೋ ಮೇಡಂ" ಎಂದೆ.

ಅವರು ನಗಲಿಲ್ಲ. ನನ್ನ ಕಾಲು ನೋಡಿದರು. ನನ್ನ ಚಪ್ಪಲಿ ಕಾಲಲ್ಲೇ ಇತ್ತು.

ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, "ಕಾಣದ್ದನ್ನ ಕಂಡೆ ಅಂತ ಬರೆದೋರಿಗೆಲ್ಲ ಅಂಕ ಕೊಡಕ್ಕಾಗಲ್ಲ ಕಣಮ್ಮ" ಎಂದರು. ಹಾಗೆ ನೋಡಿದರೆ ನಮ್ಮ ಪಠ್ಯದ ಅರ್ಧ ಪುಸ್ತಕ ವಾಪಸು ಕಳಿಸಬೇಕಾಗುತ್ತಿತ್ತು. ಮೇಡಂ ಮುಂದುವರಿಸಿದರು: "ನೀನು ಏನು ಕಂಡಿದ್ದೀಯೋ ಅದನ್ನ ಬರಿ. ಎಲ್ಲಿ ನಿಂತು ಕಂಡೆ ಅನ್ನೋದನ್ನೂ ಬರಿ."

ಶುಕ್ರವಾರ ನಮ್ಮವ್ವ ಮಾದಮ್ಮನ ಜೊತೆ ಹೋದೆ. ಅವರು ಮದುವೆಯಾಗಿ ಬಂದಂದಿನಿಂದ ನಿಲ್ಲುವ ಜಾಗ, ದೀಪದ ಕಂಬದ ಆಚೆ, ಚರಂಡಿಯ ಪಕ್ಕ. "ಇಲ್ಲಿಂದ ಗಂಟೆ ಕೇಳುಸ್ತದೆ. ಆರತಿ ಎತ್ತಿದ್ರೆ ಒಸಿ ಬೆಳ್ಕು ಕಾಣ್ತದೆ. ಅಷ್ಟೇ ಕಣವ್ವ ನಂಗೆ ಗೊತ್ತಿರೋದು" ಎಂದರು.

"ಒಳೀಕೆ ಹೋಗನ ಬಾರವ್ವ. ಈಗ ಯಾರೂ ಏನೂ ಅನ್ನಕಿಲ್ಲ" ಎಂದೆ.

"ಅನ್ನಕಿಲ್ಲ, ನಿಜ. ಸುಮ್ನೆ ನೋಡ್ತಾರಲ್ಲ, ಅದ್ನ ಎಂಗ್ ತಡ್ಕೊಳ್ಳದು?"

ಹನ್ನೊಂದು ಪುಟ ಬರೆದೆ. ಇಪ್ಪತ್ತೆರಡು ಅಂಕ ಬಂತು. ಅಕ್ಷರದೋಷಕ್ಕೇ ಆರು ಕಳೆದಿದ್ದರು.

ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ. ಪದವಿಯ ಮಹತ್ವ ಎಂಬ ವಿಷಯದ ಮೇಲೆ ಎರಡು ಹಾಳೆ ಬರೆದುಕೊಂಡು ಬಂದಿದ್ದೇನೆ, ಕೈಯಲ್ಲೇ ಇವೆ. ಆದರೆ ಹೋದ ವಾರ ನಂಜಪ್ಪನವರು ಕಾರ್ಯಕ್ರಮಕ್ಕೆ ಕರೆಯಲು ನಮ್ಮ ಮನೆಗೆ ಬಂದರು. ಅಂಗಳದಲ್ಲೇ ನಿಂತರು. ಅವ್ವ ಒಳಗೆ ಕರೆದರೆ, "ಇರ್ಲಿ ಬುಡವ್ವ, ಆತುರ ಐತೆ" ಎಂದರು. ಆತುರ ಇದ್ದವರು ಕಾಲು ಗಂಟೆ ಅಲ್ಲೇ ನಿಂತಿದ್ದರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು ಕಾಫಿ ಕುಡಿದರು. ಹೊರಡುವಾಗ ಅವ್ವನಿಗೆ, "ಆವತ್ತು ನಿನ್ನ ಮಗ್ಳು ಗುಡಿ ಈಚೆಗೆ ನಿಂತಿದ್ಲು. ಬಾ ಅನ್ನಕೆ ನಂಗೆ ಬಾಯೇ ಬರ್ಲಿಲ್ಲ ಕಣವ್ವ. ಸಭೆ ಮುಗುದ್ ಮ್ಯಾಲೆ ಗುಡೀಲಿ ಪೂಜೆ ಐತೆ. ಇಬ್ರೂ ಬನ್ನಿ, ನಾನು ಮುಂದೆ ಇರ್ತೀನಿ" ಎಂದರು. ಅವ್ವ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಇವತ್ತು ಹೊಸ ಸೀರೆ ಉಟ್ಟಿದ್ದಾರೆ. ಅದು ನನ್ನ ಸನ್ಮಾನಕ್ಕೋ ಮತ್ಯಾವುದಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ.

ಕ್ಷಮಿಸಿ, ಒಂದು ನಿಮಿಷ. ಅವ್ವ ಹಿಂದಿನ ಸಾಲಿನಿಂದ ಎದ್ದರು.

ಬಾಗಿಲ ಹತ್ತಿರ ಹೋದರು. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ನನ್ನ ಕಡೆಯೇ ನೋಡುತ್ತಿರಿ. ನನ್ನನ್ನು ಎಷ್ಟು ಬೇಕಾದರೂ ನೋಡಿ.

ಬಲಕ್ಕೆ ತಿರುಗಿದರು. ನಮ್ಮ ಮನೆ ಎಡಕ್ಕಿದೆ.

ನಂಜಪ್ಪನವರೇ, ನೀವು ಮುಂದೆ ಇರುತ್ತೇನೆಂದಿದ್ದಿರಿ. ಅವ್ವ ಆಗಲೇ ಗುಡಿಯ ಕಡೆ ಹೊರಟಿದ್ದಾರೆ, ನಾವಿಬ್ಬರೂ ಬೇಗ ಹೋಗೋಣ. ಶಾಲು ಹೊದಿಸಿದವರಿಗೂ, ಇಷ್ಟು ಹೊತ್ತು ಕೇಳಿದವರಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.